ಹೊಸೂರು ರಸ್ತೆಯ ಮಧ್ಯಾಹ್ನ, ಭಾಂಡುಪಿನ ಬಸ್ ಸ್ಟಾಪು

2023ರ ಆಗಸ್ಟ್ ಮೊದಲ ವಾರ. ಭಾಂಡುಪ್ ಪಶ್ಚಿಮದ ಸ್ಟೇಷನ್ ಹೊರಗೆ ಮಳೆ ಹನಿಯುತ್ತಿತ್ತು. ನಮ್ಮ ಸ್ಟೇಷನ್ ರೋಡನ್ನು ಕಂಡವರಿಗೆ ವಿವರಿಸಬೇಕಾಗಿಲ್ಲ. ಎರಡು ಆಟೋ ಎದುರುಬದುರಾದರೆ ಮೂರನೆಯದಕ್ಕೆ ಜಾಗವಿಲ್ಲ, ಆ ಜಾಗದಲ್ಲೇ ತರಕಾರಿ ಗಾಡಿ, ಮೀನಿನ ಬುಟ್ಟಿ, ಮೊಬೈಲ್ ಕವರ್ ಮಾರುವವನು, ಮತ್ತು ಅದರ ನಡುವೆ ನುಸುಳಿ ಬರುವ ಬೆಸ್ಟ್‌ನ ಮಿನಿ ಬಸ್ಸು. ಅಂದು ಆ ಬಸ್ಸು ಬರಲಿಲ್ಲ. ಟೆಂಭಿಪಾಡಾ ಕಡೆಗೆ ಹತ್ತಬೇಕಾದ ಜನ ಛತ್ರಿ ಹಿಡಿದು ಸಾಲಾಗಿ ನಿಂತಿದ್ದರು. ಶೇರ್ ಆಟೋದವರು ತಮಗೆ ತೋಚಿದ ದರ ಹೇಳುತ್ತಿದ್ದರು. ನನ್ನ ಮುಂದೆ ನಿಂತಿದ್ದ ಹೆಂಗಸು, ನಾಲ್ಕು ಮನೆಗಳಲ್ಲಿ ಪಾತ್ರೆ ತೊಳೆದು ಬಂದವಳಿರಬೇಕು, ಆಟೋ ದರ ಕೇಳಿ ಒಂದು ಕ್ಷಣ ಯೋಚಿಸಿ, ಸೆರಗು ತಲೆಗೆ ಹೊದ್ದು ನಡೆಯಲು ಶುರುಮಾಡಿದಳು. ಆ ಗುಡ್ಡ ಹತ್ತಿದವರಿಗೆ ಗೊತ್ತು, ಮಳೆಯಲ್ಲಿ ಅದು ಸಣ್ಣ ದಾರಿಯಲ್ಲ.

ಬಸ್ಸು ಯಾಕಿಲ್ಲ ಎಂದರೆ ಡ್ರೈವರುಗಳು ಮುಷ್ಕರ ಹೂಡಿದ್ದರು. ಬೆಸ್ಟ್‌ನ ಖಾಯಂ ಡ್ರೈವರುಗಳಲ್ಲ. ಬಸ್ಸೂ ಡ್ರೈವರೂ ಎರಡೂ ಖಾಸಗಿ ಗುತ್ತಿಗೆದಾರರದ್ದು, ರೂಟು ಮತ್ತು ಟಿಕೆಟ್ ಮಾತ್ರ ಬೆಸ್ಟ್‌ನದ್ದು, ಇದಕ್ಕೆ ‘ವೆಟ್ ಲೀಸ್’ ಎಂದು ಹೆಸರು. ಬಸ್ಸಿನ ಮೈಮೇಲೆ ಅದೇ ಕೆಂಪು ಬಣ್ಣ, ಅದೇ ಬೆಸ್ಟ್ ಲಾಂಛನ, ನಮಗೆ ವ್ಯತ್ಯಾಸ ತಿಳಿಯುವುದೇ ಇಲ್ಲ. ಆಗಸ್ಟ್ 2ರಂದು ಮೊದಲು ನಿಂತದ್ದು ಘಾಟ್ಕೋಪರ್ ಮತ್ತು ಮುಲುಂಡ್ ಡಿಪೋಗಳಲ್ಲಿ. ಭಾಂಡುಪ್ ಸರಿಯಾಗಿ ಅವೆರಡರ ಮಧ್ಯೆ ಇದೆ, ಆದ್ದರಿಂದ ಮುಂಬಯಿಯ ಉಳಿದವರಿಗಿಂತ ಮೊದಲು ಬಿಸಿ ತಟ್ಟಿದ್ದು ನಮಗೆ. ಬಳಿಕ ಬೇರೆ ಗುತ್ತಿಗೆದಾರರ ಡ್ರೈವರುಗಳೂ ಸೇರಿಕೊಂಡರು. ಕೈಗೆ ಸಿಗುವುದು ಹದಿನೆಂಟು ಸಾವಿರದ ಆಸುಪಾಸು, ಅದನ್ನು ಇಪ್ಪತ್ತೈದು ಸಾವಿರ ಮಾಡಿ, ಖಾಯಂ ಡ್ರೈವರ್ ಮಾಡುವ ಕೆಲಸವನ್ನೇ ನಾವೂ ಮಾಡುತ್ತಿದ್ದೇವೆ, ಕೆಲಸಕ್ಕೆ ಬರಲು ನಮ್ಮದೇ ಬಸ್ಸಿನಲ್ಲಿ ಉಚಿತ ಪ್ರಯಾಣವನ್ನಾದರೂ ಕೊಡಿ ಎಂಬುದು ಅವರ ಬೇಡಿಕೆ. ಮುಖ್ಯಮಂತ್ರಿಗಳ ಜತೆ ಮಾತುಕತೆಯಾಗಿ ಆಗಸ್ಟ್ 8ರ ಹೊತ್ತಿಗೆ ಬಸ್ಸುಗಳು ಮತ್ತೆ ಓಡಿದವು.

ಆ ವಾರ ಐರೋಲಿಯ ನಮ್ಮ ಆಫೀಸಿನ ಊಟದ ಮೇಜಿನಲ್ಲಿ ಇದೇ ಚರ್ಚೆ. ನನ್ನ ಟೀಮಿನ ಒಬ್ಬ ಹುಡುಗ, ಒಳ್ಳೆಯವನೇ, ಮೊಸರನ್ನಕ್ಕೆ ಉಪ್ಪಿನಕಾಯಿ ಕಲಸಿಕೊಳ್ಳುತ್ತಾ ಹೇಳಿದ: “ಸಂಬಳ ಸಾಲದಿದ್ದರೆ ಕೆಲಸ ಬಿಡಲಿ. ನಾನು ಮೂರು ಕಂಪನಿ ಬದಲಾಯಿಸಿಲ್ಲವೇ? ಜನರಿಗೆ ತೊಂದರೆ ಕೊಟ್ಟು ಸಂಬಳ ಕೇಳುವುದು ಬ್ಲ್ಯಾಕ್‌ಮೇಲ್.” ಇನ್ನೊಬ್ಬಳು, “ಸ್ಕಿಲ್ ಬೆಳೆಸಿಕೊಳ್ಳಲಿ, ಸಂಬಳ ತಾನಾಗಿ ಏರುತ್ತದೆ” ಎಂದಳು. ನಾನು ಸುಮ್ಮನಿದ್ದೆ. ಅದು ಪ್ರೌಢಿಮೆಯ ಮೌನವೇನಲ್ಲ. ಏಳು ವರ್ಷಗಳ ಹಿಂದೆ ನಾನೂ ಇದೇ ಮಾತನ್ನು, ಇದಕ್ಕಿಂತ ಕೆಟ್ಟ ಶಬ್ದಗಳಲ್ಲಿ, ಒಂದು ಕ್ಯಾಬಿನಲ್ಲಿ ಕೂತು ಹೇಳಿದ್ದೆ.

ಅದು 2016ರ ಏಪ್ರಿಲ್ 18, ಸೋಮವಾರ. ಆಗ ನಾನು ಮೂರು ತಿಂಗಳ ಮಟ್ಟಿಗೆ ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಪ್ರಾಜೆಕ್ಟ್ ಮೇಲೆ ಇದ್ದೆ. ಮಾರನೆಯ ಬೆಳಿಗ್ಗೆ ಮುಲುಂಡಿನ ಆಸ್ಪತ್ರೆಯಲ್ಲಿ ಅಪ್ಪನಿಗೆ ಆಂಜಿಯೋಪ್ಲಾಸ್ಟಿ. ಸಂಜೆಯ ವಿಮಾನ ಹಿಡಿಯಲು ಮಧ್ಯಾಹ್ನವೇ ಹೊರಟೆ. ಎಲಿವೇಟೆಡ್ ರಸ್ತೆಗೆ ಟೋಲ್ ಕೊಟ್ಟು ಹತ್ತಿದ ಕ್ಯಾಬು ಬೊಮ್ಮನಹಳ್ಳಿಯ ಹತ್ತಿರ ನಿಂತಿತು, ನಿಂತೇಬಿಟ್ಟಿತು. ಮುಂದೆ ನೋಡಿದಷ್ಟು ದೂರ ಕಾರುಗಳ ಬೆನ್ನು. ಒಂದು ತಾಸಾದ ಮೇಲೆ ಇಳಿದು ಪಕ್ಕದ ಗೋಡೆಯಿಂದ ಇಣುಕಿದೆ. ಕೆಳಗಿನ ಹೊಸೂರು ರಸ್ತೆಯ ತುಂಬ ಹೆಂಗಸರು. ಬರೀ ಹೆಂಗಸರು. ಕೈಯಲ್ಲಿ ಊಟದ ಡಬ್ಬಿಯ ಚೀಲ, ಕೊರಳಲ್ಲಿ ಗುರುತಿನ ಪಟ್ಟಿ. ಕೆಲವರು ರಸ್ತೆಯಲ್ಲೇ ಕೂತಿದ್ದರು, ಕೆಲವರು ಬಿಸಿಲಿಗೆ ದುಪಟ್ಟಾ ಹೊದ್ದು ನಿಂತಿದ್ದರು. ಮೈಕ್ ಇರಲಿಲ್ಲ, ಬಾವುಟ ಇರಲಿಲ್ಲ, ಭಾಷಣ ಮಾಡುವ ಲೀಡರ್ ಕಾಣಲಿಲ್ಲ. “ಗಾರ್ಮೆಂಟ್ಸ್‌ನವರು ಸಾರ್, ಪಿಎಫ್ ದುಡ್ಡಿಗೆ” ಎಂದ ಡ್ರೈವರ್. ನಾನು ಏನೆಂದೆ ಎಂಬುದನ್ನು ಇಲ್ಲಿ ಬರೆಯಲಾರೆ.

ವಿಮಾನ ತಪ್ಪಿತು. ವಿಷಯ ತಿಳಿಸಲು ಅಪ್ಪನಿಗೆ ಫೋನ್ ಮಾಡಿದೆ, ಸಿಟ್ಟಿನಲ್ಲಿ ನಡೆದದ್ದನ್ನೆಲ್ಲ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು: “ಪಿಎಫ್ ದುಡ್ಡಾ?” ಹೌದೆಂದೆ. “ಹಾಗಾದ್ರೆ ಕೂರ್ಲಿ ಮಾರಾಯ. ನೀನು ರಾತ್ರಿ ವಿಮಾನಕ್ಕೆ ಬಾ.” ಮಾರನೆಯ ಬೆಳಿಗ್ಗೆ ಹೃದಯದ ಚಿಕಿತ್ಸೆ ಇರುವ ಮನುಷ್ಯ ಹೇಳಿದ ಮಾತು ಅದು. ರಾತ್ರಿಯ ಕೊನೆಯ ವಿಮಾನ ಸಿಕ್ಕಿತು, ಬೆಳಿಗ್ಗೆ ಅವರನ್ನು ಒಳಗೆ ಕರೆದೊಯ್ಯುವಾಗ ನಾನು ಅಲ್ಲಿದ್ದೆ. ಆದರೂ ಹೇಳಬೇಕಾದದ್ದನ್ನು ಹೇಳಿಬಿಡುತ್ತೇನೆ: ಆ ಸಾಲಿನಲ್ಲಿ ನನ್ನ ಬದಲು ಅಪ್ಪನೇ ಇದ್ದಿದ್ದರೆ, ಅವರಿಗೆ ಅಲ್ಲೇ ಎದೆನೋವು ಬಂದಿದ್ದರೆ, ಈ ಲೇಖನವನ್ನು ನಾನು ಹೀಗೆ ಬರೆಯುತ್ತಿರಲಿಲ್ಲ.

ಆ ಪಿಎಫ್ ಗಲಾಟೆ ಏನೆಂದು ನಾನು ಓದಿ ತಿಳಿದುಕೊಂಡದ್ದು ಆಮೇಲೆ, ಆಸ್ಪತ್ರೆಯ ಹೊರಗೆ ಕೂತಿದ್ದಾಗ. 2016ರ ಫೆಬ್ರವರಿ 10ರಂದು ಕೇಂದ್ರ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿತ್ತು. ಅಲ್ಲಿಯವರೆಗೆ ಕೆಲಸ ಬಿಟ್ಟು ಎರಡು ತಿಂಗಳು ಖಾಲಿ ಇದ್ದರೆ ಪಿಎಫ್‌ನ ಪೂರ್ತಿ ಹಣ ತೆಗೆಯಬಹುದಿತ್ತು. ಹೊಸ ನಿಯಮದಂತೆ ಸ್ವಂತ ಪಾಲು ಮತ್ತು ಅದರ ಬಡ್ಡಿ ಮಾತ್ರ ಕೈಗೆ, ಮಾಲೀಕರು ಕಟ್ಟಿದ ಪಾಲು 58 ವರ್ಷ ತುಂಬುವವರೆಗೆ ಖಾತೆಯಲ್ಲೇ. ಕೇಳಲು ತಪ್ಪೇನಿಲ್ಲ. ಮುಪ್ಪಿಗೆ ಉಳಿತಾಯ ಆಗಲಿ ಎಂಬ ಉದ್ದೇಶ. ನನ್ನಂಥವನು ಅದನ್ನು ಓದಿ ತಲೆಯಾಡಿಸಿ ಮುಂದಿನ ಸುದ್ದಿಗೆ ಹೋಗುತ್ತಾನೆ.

ಈಗ ಲೆಕ್ಕ ಹಾಕಿ ನೋಡಿ. ತಿಂಗಳಿಗೆ ಏಳು ಸಾವಿರ ದುಡಿಯುವ ಟೈಲರ್ ಒಬ್ಬಳು ಎಂದಿಟ್ಟುಕೊಳ್ಳಿ. ಶೇ 12ರಂತೆ ಅವಳ ಪಾಲು 840 ರೂಪಾಯಿ. ಮಾಲೀಕರದ್ದೂ ಶೇ 12, ಆದರೆ ಅದರಲ್ಲಿ 8.33 ಪಿಂಚಣಿ ಲೆಕ್ಕಕ್ಕೆ ಹೋಗಿ ಪಿಎಫ್ ಖಾತೆಗೆ ಬೀಳುವುದು ಶೇ 3.67, ಅಂದರೆ ಸುಮಾರು 257 ರೂಪಾಯಿ. ಐದು ವರ್ಷಕ್ಕೆ ಬಡ್ಡಿ ಬಿಟ್ಟು ಹದಿನೈದು ಸಾವಿರ ಚಿಲ್ಲರೆ. ಈ ಹದಿನೈದು ಸಾವಿರಕ್ಕಾಗಿ ಲಕ್ಷದಷ್ಟು ಹೆಂಗಸರು ರಸ್ತೆಗಿಳಿದರೇ ಎಂದು ನಮಗೆ ಅನಿಸುತ್ತದೆ. ಆದರೆ ಗಾರ್ಮೆಂಟ್ಸ್ ಲೈನಿನಲ್ಲಿ 58ರವರೆಗೆ ಹೊಲಿಯುವವರು ಎಷ್ಟು ಮಂದಿ? ನಲವತ್ತಕ್ಕೇ ಕಣ್ಣು, ಸೊಂಟ ಕೈಕೊಡುತ್ತವೆ. ಅಲ್ಲಿ ಪಿಎಫ್ ಎನ್ನುವುದು ಪಿಂಚಣಿಯಲ್ಲ, ಮಗಳ ಕಾಲೇಜಿನ ಫೀಸು, ಊರಿನ ಸಾಲ, ಮನೆಯ ಲೀಸ್ ಹಣ. ಎಷ್ಟೋ ಮಂದಿ ಆ ದುಡ್ಡು ತೆಗೆಯುವುದಕ್ಕೆಂದೇ ರಾಜೀನಾಮೆ ಕೊಟ್ಟು, ಎರಡು ತಿಂಗಳು ಕಳೆದು, ಪಕ್ಕದ ಫ್ಯಾಕ್ಟರಿಗೆ ಸೇರುತ್ತಿದ್ದರು. ಬ್ಯಾಂಕು ಸಾಲ ಕೊಡದವರ ಏಕೈಕ ತಿಜೋರಿ ಅದು. ದೆಹಲಿಯಲ್ಲಿ ಕೂತವರು ಅದಕ್ಕೆ ಬೀಗ ಹಾಕಿ, ನಿಮ್ಮ ಒಳ್ಳೆಯದಕ್ಕೇ ಎಂದರು.

ಕಾರ್ಮಿಕ ಸಂಘಟನೆಗಳು ಫೆಬ್ರವರಿಯಿಂದ ಮನವಿ ಕೊಡುತ್ತಲೇ ಇದ್ದವು. ಆದರೆ ಏಪ್ರಿಲ್ 18ರಂದು ಬೊಮ್ಮನಹಳ್ಳಿಯಲ್ಲಿ ಹೆಂಗಸರು ಫ್ಯಾಕ್ಟರಿಯಿಂದ ಹೊರಬಂದದ್ದು ಯಾವ ಸಂಘಟನೆಯ ಕರೆಗೂ ಅಲ್ಲ. ಮರುದಿನ ಅದು ಪೀಣ್ಯ, ಜಾಲಹಳ್ಳಿ ಕ್ರಾಸ್, ತುಮಕೂರು ರಸ್ತೆಗೂ ಹಬ್ಬಿತು. ಅಂದು ನಡೆದದ್ದೆಲ್ಲ ಚಂದವಲ್ಲ. ಕಲ್ಲು ತೂರಾಟವಾಯಿತು, ಬಸ್ಸುಗಳು ಸುಟ್ಟವು, ಹೆಬ್ಬಗೋಡಿ ಪೊಲೀಸ್ ಠಾಣೆಯ ಮೇಲೆ ದಾಳಿಯಾಯಿತು, ಪೊಲೀಸರು ಲಾಠಿ ಬೀಸಿದರು, ಅಶ್ರುವಾಯು ಸಿಡಿಸಿದರು. ಸರ್ಕಾರ ಮೊದಲು ಜುಲೈ 31ರವರೆಗೆ ನಿಯಮ ಮುಂದೂಡುತ್ತೇವೆ ಎಂದಿತು. ಸಂಜೆಗೆ ಕೇಂದ್ರ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ಅಧಿಸೂಚನೆಯನ್ನೇ ರದ್ದು ಮಾಡಿದ್ದೇವೆಂದು ಘೋಷಿಸಿದರು. ಎರಡು ತಿಂಗಳ ಮನವಿಗೆ ಆಗದ್ದು ಎರಡು ದಿನದಲ್ಲಿ ಆಯಿತು. ಅವರಿಗಷ್ಟೇ ಅಲ್ಲ, ಕೆಲಸ ಬದಲಾಯಿಸುವಾಗ ಪಿಎಫ್ ತೆಗೆದು ಕಾರಿನ ಡೌನ್‌ಪೇಮೆಂಟ್ ಕಟ್ಟುವ ನಮ್ಮಂಥವರಿಗೂ ಆಯಿತು. ಮೇಲಿನ ರಸ್ತೆಯಲ್ಲಿ ನಿಂತು ಶಪಿಸಿದವರಲ್ಲಿ ಪಿಎಫ್ ಖಾತೆ ಇಲ್ಲದವರು ಯಾರೂ ಇದ್ದಿರಲಾರರು.

ಅಪ್ಪ ಯಾಕೆ ಹಾಗೆ ಹೇಳಿದರು ಎನ್ನುವುದು ನನಗೆ ಗೊತ್ತಿತ್ತು, ಮರೆತಿದ್ದೆ. ಬ್ರಹ್ಮಾವರ ಕಡೆಯಿಂದ ಹದಿನಾಲ್ಕರ ವಯಸ್ಸಿಗೆ ಬಂದವರು ಅವರು. ಮೊದಲು ಹೋಟೆಲಿನಲ್ಲಿ ಕಪ್ಪು ತೊಳೆದು, ರಾತ್ರಿ ಶಾಲೆಯಲ್ಲಿ ಓದಿ, ಎಸ್ಸೆಸ್ಸೆಲ್ಸಿ ಮುಗಿಸಿ, ಎಲ್‌ಬಿಎಸ್ ಮಾರ್ಗದ ಒಂದು ಕಾರ್ಖಾನೆಗೆ ಸೇರಿದರು. ಈಗಿನ ಹುಡುಗರಿಗೆ ಎಲ್‌ಬಿಎಸ್ ಮಾರ್ಗ ಎಂದರೆ ಮಾಲು ಮತ್ತು ಮೆಟ್ರೊ ಕಂಬ. ಆಗ ಕುರ್ಲಾದಿಂದ ಮುಲುಂಡಿನವರೆಗೆ ಸೈರನ್ನಿಗೆ ಸೈರನ್ ಮುಟ್ಟುತ್ತಿತ್ತು. ಭಾಂಡುಪಿನಲ್ಲೇ ಟಯರು, ಬಣ್ಣ, ಬೋಲ್ಟು-ನಟ್ಟು ಎಲ್ಲ ತಯಾರಾಗುತ್ತಿತ್ತು. ಅಪ್ಪನ ಕಾರ್ಖಾನೆ 2003ರಲ್ಲಿ ಮುಚ್ಚಿತು. ಕೊನೆಯ ಒಂದಷ್ಟು ತಿಂಗಳು ಸಂಬಳದಿಂದ ಪಿಎಫ್ ಕಡಿದದ್ದು ನಿಜ, ಕಚೇರಿಗೆ ಕಟ್ಟಿದ್ದು ಸುಳ್ಳು. ನಲವತ್ತು ದಿನ ಅವರೆಲ್ಲ ಗೇಟಿನ ಮುಂದೆ ತಾರ್ಪಾಲು ಕಟ್ಟಿ ಕೂತರು. ಅಮ್ಮ ಕಟ್ಟಿಕೊಟ್ಟ ಬುತ್ತಿ ಒಯ್ದು ಕೊಡುವುದು ನನ್ನ ಕೆಲಸ. ಅವರು ಕೂತದ್ದು ಫುಟ್‌ಪಾತಿನ ಒಳಬದಿಗೆ, ಗೋಡೆಗೆ ಒರಗಿ, ಲಾರಿ ಬಸ್ಸು ಯಾವುದಕ್ಕೂ ಅಡ್ಡವಾಗದ ಹಾಗೆ. ಒಂದು ಪತ್ರಿಕೆಯಲ್ಲೂ ಸಾಲು ಬರಲಿಲ್ಲ. ಪೊಲೀಸರೂ ಬರಲಿಲ್ಲ. ನಲವತ್ತೊಂದನೆಯ ದಿನ ಮಳೆ ಜೋರಾಯಿತು, ತಾರ್ಪಾಲು ಬಿಚ್ಚಿದರು. ಕಟ್ಟಿದ್ದಷ್ಟು ಪಿಎಫ್ ಹಣ ವರ್ಷದ ಮೇಲೆ ಬಂತು, ನನ್ನ ಓದಿಗೆ ಹೋಯಿತು. ನಾನು ಎಂಸಿಎ ಮಾಡಿ ಈ ಮೇಜಿನ ಮುಂದೆ ಕೂತಿದ್ದರೆ ಅದು ಆ ದುಡ್ಡಿನಿಂದ.

ನಮ್ಮ ಹಿರಿಯರಿಗೆ ಮುಷ್ಕರ ಹೊಸದಲ್ಲ. 1949ರಲ್ಲಿ ಮಂಗಳೂರಿನಿಂದ ಬಂದು ಚೌಪಾಟಿಯ ಬೆಂಚಿನ ಮೇಲೆ ಮಲಗುತ್ತಿದ್ದ ಜಾರ್ಜ್ ಫರ್ನಾಂಡಿಸ್ ಹೋಟೆಲು ಮಾಣಿಗಳನ್ನೂ ಟ್ಯಾಕ್ಸಿಯವರನ್ನೂ ಸಂಘಟಿಸಿ ಕೊನೆಗೆ ಇಡೀ ಮುಂಬಯಿಯನ್ನೇ ನಿಲ್ಲಿಸುವ ಮಟ್ಟಕ್ಕೆ ಬೆಳೆದರು. 1974ರ ಮೇ ತಿಂಗಳ ರೈಲ್ವೆ ಮುಷ್ಕರವಂತೂ ದೇಶವನ್ನೇ ಇಪ್ಪತ್ತು ದಿನ ಅಲ್ಲಾಡಿಸಿತು. ಹಾಗೆಯೇ 1982ರ ಜನವರಿ 18ರಂದು ದತ್ತಾ ಸಾಮಂತರ ನೇತೃತ್ವದಲ್ಲಿ ಶುರುವಾದ ಗಿರಣಿ ಮುಷ್ಕರ, ಸುಮಾರು ಎರಡೂವರೆ ಲಕ್ಷ ಜನರದ್ದು, ಇಂದಿಗೂ ಅಧಿಕೃತವಾಗಿ ಮುಗಿದಿಲ್ಲ ಎನ್ನುತ್ತಾರೆ. ಮುಗಿಯುವುದಕ್ಕೆ ಗಿರಣಿಗಳೇ ಉಳಿಯಲಿಲ್ಲ. ಮುಷ್ಕರದಿಂದ ಕೆಲಸವೇ ಹೋಗುತ್ತದೆ ಎಂಬ ಭಯ ಮುಂಬಯಿಯಲ್ಲಿ ಹುಟ್ಟಿ ಬೆಳೆದವರ ರಕ್ತದಲ್ಲಿ ಇಳಿದಿರುವುದು ಅಲ್ಲಿಂದ. ಊಟದ ಮೇಜಿನ ನನ್ನ ಗೆಳೆಯರನ್ನು ಪೂರ್ತಿ ತಪ್ಪೆನ್ನಲು ನನಗೆ ಬಾಯಿ ಬಾರದ ಕಾರಣಗಳಲ್ಲಿ ಅದೂ ಒಂದು.

ಹಾಗಾದರೆ ರಸ್ತೆ ಬಿಟ್ಟು ನೆಟ್ಟಗಿನ ದಾರಿಯಲ್ಲಿ ಹೋದರೆ ಏನಾಗುತ್ತದೆ? ಅದಕ್ಕೂ ಅದೇ ಬೆಂಗಳೂರಿನ ಹೆಂಗಸರದ್ದೇ ಉದಾಹರಣೆ ಇದೆ. ಬೆಲೆ ಏರಿದಂತೆ ಕನಿಷ್ಠ ವೇತನದ ಜತೆ ಸೇರುವ ತುಟ್ಟಿಭತ್ಯೆ 2020ರ ಏಪ್ರಿಲ್‌ನಿಂದ ಕರ್ನಾಟಕದಲ್ಲಿ ಏರಬೇಕಿತ್ತು. ಏರಿಕೆ ಎಷ್ಟು? ತಿಂಗಳಿಗೆ 417 ರೂಪಾಯಿ 60 ಪೈಸೆ. ನಾವು ವಾರಾಂತ್ಯಕ್ಕೆ ತರಿಸುವ ಒಂದು ಪಿಜ್ಜಾದ ಬೆಲೆ. ಕೋವಿಡ್ ಕಾರಣ ಹೇಳಿ ಸರ್ಕಾರ ಜುಲೈನಲ್ಲಿ ಅದನ್ನು ತಡೆಹಿಡಿಯಿತು. ಸಂಘಟನೆಗಳು ಹೈಕೋರ್ಟಿಗೆ ಹೋದವು, ಸೆಪ್ಟೆಂಬರಿನಲ್ಲಿ ಕೊಡಲೇಬೇಕೆಂದು ಆದೇಶವಾಯಿತು. ಆದರೂ ಬಹಳಷ್ಟು ಕಾರ್ಖಾನೆಗಳು ಕೊಡಲಿಲ್ಲ. ವಿದೇಶಿ ಬ್ರಾಂಡುಗಳ ಮೇಲೆ ಹೊರಗಿನಿಂದ ಒತ್ತಡ ಬಂದು, ಬಾಕಿ ಹಣ ಕೈಗೆ ಬರುವ ಹೊತ್ತಿಗೆ 2022 ಬಂದಿತ್ತು. ಒಂದು ಬಸ್ಸೂ ಸುಡಲಿಲ್ಲ, ಒಬ್ಬರ ವಿಮಾನವೂ ತಪ್ಪಲಿಲ್ಲ. ನಿಮ್ಮಲ್ಲಿ ಎಷ್ಟು ಮಂದಿಗೆ ಇದು ಸುದ್ದಿಯಾಗಿ ತಲುಪಿತ್ತು ಹೇಳಿ. ನನಗೆ ತಲುಪಿರಲಿಲ್ಲ.

ಇನ್ನೊಂದು ಮೆರವಣಿಗೆ ನಮ್ಮ ಮನೆಯ ಹತ್ತಿರವೇ ಹಾದುಹೋಯಿತು. 2018ರ ಮಾರ್ಚ್ 11, ಭಾನುವಾರ. ನಾಸಿಕದಿಂದ ನೂರೆಂಬತ್ತು ಕಿಲೋಮೀಟರ್ ನಡೆದು ಬಂದ ರೈತರು, ಹೆಚ್ಚಿನವರು ಆದಿವಾಸಿಗಳು, ಕೆಂಪು ಟೋಪಿ ಹಾಕಿಕೊಂಡು ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಯಲ್ಲಿ ಮುಲುಂಡ್, ಭಾಂಡುಪ್, ವಿಕ್ರೋಲಿ ದಾಟಿದರು. ಅವರದ್ದು ಸಂಬಳದ ಕೇಳಿಕೆಯಲ್ಲ, ಅರಣ್ಯಭೂಮಿಯ ಹಕ್ಕು ಮತ್ತು ಸಾಲಮನ್ನಾ. ಎಷ್ಟೋ ಜನರ ಕಾಲು ಬಿರಿದು ರಕ್ತ ಒಸರುತ್ತಿತ್ತು. ದಾರಿಯುದ್ದಕ್ಕೂ ಮುಂಬಯಿಗರು ನೀರು, ಬಿಸ್ಕೆಟ್, ಚಪ್ಪಲಿ ಕೊಟ್ಟರು. ಮರುದಿನ ಹತ್ತನೆಯ ತರಗತಿಯ ಪರೀಕ್ಷೆ. ಮಕ್ಕಳಿಗೆ ತೊಂದರೆಯಾಗಬಾರದೆಂದು ಅವರು ಸಾಯನ್ ಬಳಿಯ ಸೋಮಯ್ಯ ಮೈದಾನದಲ್ಲಿ ಮಲಗದೆ ರಾತ್ರೋರಾತ್ರಿ ಎದ್ದು ಬೆಳಗಾಗುವ ಮೊದಲೇ ಆಜಾದ್ ಮೈದಾನ ಸೇರಿದರು. ನಮಗೆಲ್ಲ ಅದು ಬಹಳ ಹಿಡಿಸಿತು. ಪ್ರತಿಭಟನೆ ಎಂದರೆ ಹೀಗಿರಬೇಕು ಎಂದೆವು. ಮುಖ್ಯಮಂತ್ರಿಗಳಿಂದ ಲಿಖಿತ ಭರವಸೆ ಸಿಕ್ಕಿ ಅವರು ಊರಿಗೆ ಮರಳಿದರು. ಆದರೆ ಅದೇ ಬೇಡಿಕೆಗಳಿಗಾಗಿ 2019ರಲ್ಲಿ ಮತ್ತೆ ಹೊರಟರು, 2023ರಲ್ಲಿ ಮತ್ತೊಮ್ಮೆ ಹೊರಟರು. ಆ ಎರಡು ಸಲವೂ ಮೆರವಣಿಗೆ ಮುಂಬಯಿ ತಲುಪಲಿಲ್ಲ, ದಾರಿಯಲ್ಲೇ ಮಾತುಕತೆಯಾಗಿ ನಿಂತಿತು. ಆಗ ನಾವು ಯಾರೂ ಚಪ್ಪಲಿ ಹಿಡಿದು ಹೈವೇಗೆ ಓಡಲಿಲ್ಲ.

ರಸ್ತೆ ತಡೆಯುವುದು ಸರಿಯೇ ಎಂದು ನ್ಯಾಯಾಲಯಗಳನ್ನು ಕೇಳಿದರೆ ಉತ್ತರ ಸ್ಪಷ್ಟವಿದೆ. 2020ರ ಅಕ್ಟೋಬರಿನಲ್ಲಿ ಶಾಹೀನ್ ಬಾಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸಾರ್ವಜನಿಕ ಜಾಗವನ್ನು ಅನಿರ್ದಿಷ್ಟ ಕಾಲ ಹಿಡಿದಿಟ್ಟುಕೊಳ್ಳುವಂತಿಲ್ಲ, ಪ್ರತಿಭಟನೆ ಗೊತ್ತುಪಡಿಸಿದ ಜಾಗದಲ್ಲಿ ನಡೆಯಲಿ ಎಂದಿದೆ. ಬೆಂಗಳೂರಿಗೆ ಫ್ರೀಡಂ ಪಾರ್ಕ್, ನಮಗೆ ಆಜಾದ್ ಮೈದಾನ. ಹೆಸರುಗಳು ಎಷ್ಟು ಚೆನ್ನಾಗಿವೆ ನೋಡಿ, ಎರಡೂ ಕಡೆ ಸ್ವಾತಂತ್ರ್ಯಕ್ಕೆ ಬೇಲಿ ಇದೆ. ಆಂಬುಲೆನ್ಸಿಗೆ ದಾರಿ ಬಿಡಲೇಬೇಕು, ಇದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಟ್ರಾಫಿಕ್ ಜಾಮ್ ಎಂದ ಕೂಡಲೇ ಆಂಬುಲೆನ್ಸ್ ನೆನಪಾಗುವ ನಮಗೆ ಗಣಪತಿ ವಿಸರ್ಜನೆಯ ದಿನ, ಮದುವೆಯ ಬಾರಾತಿನ ದಿನ, ಐಪಿಎಲ್ ದಿನ ಅದು ನೆನಪಾಗುವುದಿಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು. ನಾನೂ ಲಾಲ್‌ಬಾಗ್ ರಾಜನ ಮೆರವಣಿಗೆಯಲ್ಲಿ ಕುಣಿದವನೇ.

ಇನ್ನು ‘ಸ್ಕಿಲ್’ ಮಾತು. ಕನಿಷ್ಠ ವೇತನದ ಪಟ್ಟಿಗಳಲ್ಲಿ ಕೆಲಸಗಾರರನ್ನು ಕುಶಲ, ಅರೆಕುಶಲ, ಅಕುಶಲ ಎಂದು ವಿಂಗಡಿಸಿರುತ್ತಾರೆ. ಅಕುಶಲ ಎಂದರೆ ವಿಶೇಷ ಕೌಶಲವಾಗಲಿ ಅನುಭವವಾಗಲಿ ಅಷ್ಟಾಗಿ ಬೇಡದ ಸರಳ ಕೆಲಸ ಎಂದು ಅರ್ಥ. ನಮ್ಮ ಸ್ಟೇಷನ್ ರೋಡಿನಲ್ಲಿ ಸಂಜೆ ಏಳು ಗಂಟೆಗೆ ಬಸ್ಸು ಓಡಿಸುವವನನ್ನು ಅಕುಶಲ ಎನ್ನಲು ಯಾವ ಪಟ್ಟಿಗೂ ಧೈರ್ಯವಿಲ್ಲ, ಅವನು ಕುಶಲನೇ. ಆದರೆ ಸಂಬಳ ಪಟ್ಟಿಯಿಂದ ಬರುವುದಿಲ್ಲ, ಟೆಂಡರಿನಿಂದ ಬರುತ್ತದೆ. ಕಿಲೋಮೀಟರಿಗೆ ಯಾರು ಕಡಿಮೆ ದರ ಬರೆದರೋ ಅವರಿಗೆ ಗುತ್ತಿಗೆ. ಬಸ್ಸಿನ ಬೆಲೆ, ಬ್ಯಾಂಕಿನ ಬಡ್ಡಿ, ಟಯರು ಇವೆಲ್ಲದರ ದರ ಗಟ್ಟಿ, ಒತ್ತಿದರೆ ಒಳಗೆ ಹೋಗುವುದು ಡ್ರೈವರಿನ ಸಂಬಳ ಮತ್ತು ತರಬೇತಿ ಮಾತ್ರ. 2024ರ ಡಿಸೆಂಬರ್ 9ರ ರಾತ್ರಿ ಕುರ್ಲಾದಲ್ಲಿ ವೆಟ್ ಲೀಸ್‌ನ ಎಲೆಕ್ಟ್ರಿಕ್ ಬಸ್ಸೊಂದು ಹತೋಟಿ ತಪ್ಪಿ ಜನರ ಮೇಲೆ, ವಾಹನಗಳ ಮೇಲೆ ನುಗ್ಗಿ ಏಳಕ್ಕೂ ಹೆಚ್ಚು ಮಂದಿ ಸತ್ತಾಗ, ಗೇರಿಲ್ಲದ ಎಲೆಕ್ಟ್ರಿಕ್ ಬಸ್ಸಿನಲ್ಲಿ ಆ ಡ್ರೈವರಿಗೆ ಸಿಕ್ಕ ತರಬೇತಿ ಎಷ್ಟು ಎಂಬ ಪ್ರಶ್ನೆಯೇ ಮೊದಲು ಎದ್ದಿತು. 2019ರಲ್ಲಿ ಬೆಸ್ಟ್‌ನ ಕನಿಷ್ಠ ಟಿಕೆಟ್ 5 ರೂಪಾಯಿಗೆ ಇಳಿದಾಗ ನಾವೆಲ್ಲ ಖುಷಿಪಟ್ಟಿದ್ದೆವು. 2025ರ ಮೇ ತಿಂಗಳಲ್ಲಿ 10 ಆದಾಗ ಗೊಣಗಿದೆವು. ಆ ಐದು ರೂಪಾಯಿಯ ವರ್ಷಗಳಲ್ಲಿ ನಷ್ಟ ತಗ್ಗಿಸಲು ಯಾರ ಸಂಬಳ ಒತ್ತಿದರು ಎಂದು ಕೇಳಲಿಲ್ಲ.

ಸಂಬಳ ಏರಿಸಿದರೆ ಕೆಲಸವೇ ಕಡಿಮೆಯಾಗುತ್ತದೆ ಎಂಬ ವಾದಕ್ಕೆ ಅಮೆರಿಕದಲ್ಲಿ ಒಂದು ಪ್ರಸಿದ್ಧ ಪರೀಕ್ಷೆ ಆಗಿದೆ. 1992ರ ಏಪ್ರಿಲ್ 1ರಂದು ನ್ಯೂಜೆರ್ಸಿಯಲ್ಲಿ ಗಂಟೆಯ ಕನಿಷ್ಠ ವೇತನ 4.25 ಡಾಲರಿನಿಂದ 5.05ಕ್ಕೆ ಏರಿತು, ಪಕ್ಕದ ಪೆನ್ಸಿಲ್ವೇನಿಯದಲ್ಲಿ ಏರಲಿಲ್ಲ. ಡೇವಿಡ್ ಕಾರ್ಡ್ ಮತ್ತು ಆಲನ್ ಕ್ರೂಗರ್ ಎಂಬಿಬ್ಬರು ಎರಡೂ ಕಡೆಯ 410 ಫಾಸ್ಟ್‌ಫುಡ್ ಅಂಗಡಿಗಳ ಲೆಕ್ಕ ತೆಗೆದರು. ಕೆಲಸ ಕಡಿಮೆಯಾದದ್ದು ಕಾಣಲಿಲ್ಲ. ಕಾರ್ಡ್‌ಗೆ 2021ರಲ್ಲಿ ನೊಬೆಲ್ ಬಂತು. ಹಾಗೆಂದು ಎಷ್ಟು ಬೇಕಾದರೂ ಏರಿಸಬಹುದು ಎಂದೇನಲ್ಲ, ಆ ವಾದ ಇನ್ನೂ ನಡೆದೇ ಇದೆ. 2012ರ ನವೆಂಬರಿನಲ್ಲಿ ನ್ಯೂಯಾರ್ಕಿನ ಬರ್ಗರ್ ಅಂಗಡಿಗಳ ಹುಡುಗರು ಹದಿನೈದು ಡಾಲರ್ ಕೊಡಿ ಎಂದು ಬೀದಿಗಿಳಿದಾಗ ಅಲ್ಲಿಯ ಐಟಿಯವರೂ ನಕ್ಕಿರಬೇಕು. ಕ್ಯಾಲಿಫೋರ್ನಿಯದಲ್ಲಿ 2024ರ ಏಪ್ರಿಲ್‌ನಿಂದ ಅಂಥವರಿಗೆ ಇಪ್ಪತ್ತು ಡಾಲರ್.

ನಮ್ಮಲ್ಲಿ ಕನಿಷ್ಠ ವೇತನವನ್ನು ಹೇಗೆ ಲೆಕ್ಕ ಹಾಕುತ್ತಾರೆ ಎಂಬುದು ಬಲು ಸ್ವಾರಸ್ಯ. 1957ರ 15ನೆಯ ಭಾರತೀಯ ಕಾರ್ಮಿಕ ಸಮ್ಮೇಳನ ಒಂದು ಸೂತ್ರ ಕೊಟ್ಟಿತು: ದುಡಿಯುವವನೊಬ್ಬ, ಅವನ ಸಂಸಾರ ಸೇರಿ ಮೂರು ಊಟದ ಘಟಕ, ಘಟಕಕ್ಕೆ ದಿನಕ್ಕೆ 2,700 ಕ್ಯಾಲರಿ, ವರ್ಷಕ್ಕೆ ಮನೆಗೆಲ್ಲ ಸೇರಿ 72 ಗಜ ಬಟ್ಟೆ, ಮನೆ ಬಾಡಿಗೆ, ಮತ್ತು ಉರುವಲು ದೀಪಕ್ಕೆಂದು ಶೇ 20. 1991ರಲ್ಲಿ ರೆಪ್ಟಕೋಸ್ ಬ್ರೆಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮಕ್ಕಳ ಓದು, ಔಷಧಿ, ಮದುವೆ ಮುಂಜಿಗೆಂದು ಇನ್ನೊಂದು ಶೇ 25 ಸೇರಿಸಿತು. 2020ರಲ್ಲಿ ಹೊಸ ವೇತನ ಸಂಹಿತೆಗೆ ಕರಡು ನಿಯಮ ಬಂದಾಗ ಕುತೂಹಲದಿಂದ ತೆಗೆದು ನೋಡಿದೆ. ಬಟ್ಟೆ 66 ಮೀಟರ್. ಕ್ಯಾಲ್ಕ್ಯುಲೇಟರ್ ಹಿಡಿದು ನೋಡಿ, 72 ಗಜ ಎಂದರೆ 65.8 ಮೀಟರ್. ಅರವತ್ತು ವರ್ಷದಲ್ಲಿ ಆದ ಬದಲಾವಣೆ ಗಜ ಹೋಗಿ ಮೀಟರ್ ಆದದ್ದು. ಮೊಬೈಲ್ ಇಲ್ಲ, ಲೋಕಲ್ ಪಾಸ್ ಇಲ್ಲ. ಬಾಡಿಗೆಗೆ ಇಟ್ಟಿರುವುದು ಊಟ ಮತ್ತು ಬಟ್ಟೆಯ ಖರ್ಚಿನ ಶೇ 10. ಟೆಂಭಿಪಾಡಾದ ಚಾಳಿನಲ್ಲಿ ಹತ್ತಕ್ಕೆ ಹತ್ತರ ಖೋಲಿಗೆ ಏನು ಬಾಡಿಗೆ ಎಂದು ಆ ಸಮಿತಿಯವರು ಒಮ್ಮೆ ಬಂದು ವಿಚಾರಿಸಬಹುದಿತ್ತು. ಈ ಹಳೆಯ ಸೂತ್ರವನ್ನಾದರೂ ಪ್ರಾಮಾಣಿಕವಾಗಿ ಹಾಕಿದರೆ ಎಷ್ಟಾಗುತ್ತದೆ ಎಂದು ಕರ್ನಾಟಕ ಸರ್ಕಾರ 2025ರ ಏಪ್ರಿಲ್‌ನಲ್ಲಿ ಕರಡು ಹೊರಡಿಸಿ ತೋರಿಸಿತು. ಬೆಂಗಳೂರಿನ ಅಕುಶಲ ಕೆಲಸಗಾರನಿಗೆ ತಿಂಗಳಿಗೆ 23 ಸಾವಿರ ದಾಟಿತು. ಉದ್ಯಮಿಗಳು ಹೌಹಾರಿದರು. ಕೇಂದ್ರದ ರಾಷ್ಟ್ರೀಯ ತಳಮಟ್ಟದ ಕೂಲಿ 2019ರಲ್ಲಿ ನಿಗದಿಯಾದದ್ದು ದಿನಕ್ಕೆ 178 ರೂಪಾಯಿ. ಒಂದೇ ದೇಶದ ಎರಡು ಲೆಕ್ಕಗಳಿವು.

ಈ ಎಲ್ಲ ಬುದ್ಧಿವಂತಿಕೆಯ ನಂತರ ನನ್ನದೇ ಕತೆ ಕೇಳಿ. ಕಳೆದ ವರ್ಷ ನಮ್ಮ ಸೊಸೈಟಿಯ ಮಹಾಸಭೆಯಲ್ಲಿ ಸೆಕ್ಯುರಿಟಿ ಏಜೆನ್ಸಿಯ ಬಿಲ್ಲು ಏರಿಸುವ ವಿಷಯ ಬಂತು. ನಮ್ಮ ಕಟ್ಟಡ ನಿಂತಿರುವುದೂ ಹಿಂದೆ ಕಾರ್ಖಾನೆಯಿದ್ದ ಜಾಗದಲ್ಲೇ. ಕಾವಲುಗಾರರು ಹನ್ನೆರಡು ತಾಸಿನ ಪಾಳಿ ಮಾಡುತ್ತಾರೆ, ಅದನ್ನು ಎಂಟು ತಾಸಿನ ಮೂರು ಪಾಳಿ ಮಾಡಿ, ಸಂಬಳ ಕಾನೂನಿನ ಪ್ರಕಾರ ಕೊಟ್ಟರೆ ಪ್ರತಿ ಮನೆಯ ಮೇಂಟೆನೆನ್ಸ್ ತಿಂಗಳಿಗೆ ಏಳುನೂರು ರೂಪಾಯಿ ಹೆಚ್ಚುತ್ತದೆ ಎಂದು ಖಜಾಂಚಿ ಲೆಕ್ಕ ಇಟ್ಟರು. ಸಭೆಯಲ್ಲಿ ಗದ್ದಲ. ಅವರಿಗೇನು ಕೆಲಸ, ಕೂತು ಮೊಬೈಲ್ ನೋಡುತ್ತಾರೆ ಎಂದರು ಒಬ್ಬರು. ಬೂಮ್ ಬ್ಯಾರಿಯರು, ಕ್ಯಾಮೆರಾ ಹಾಕಿ ಇಬ್ಬರನ್ನು ಕಡಿಮೆ ಮಾಡೋಣ ಎಂದರು ಇನ್ನೊಬ್ಬರು. ಐಟಿಯವರು ಯಾರಾದರೂ ಕೊಟೇಶನ್ ತರಿಸಿ ಎಂದು ಅಧ್ಯಕ್ಷರು ನನ್ನ ಕಡೆ ನೋಡಿದರು. ನಾನು ತಲೆಯಾಡಿಸಿದೆ. ಕೊಟೇಶನ್ ತಂದೂ ಕೊಟ್ಟೆ. ಏಳುನೂರು ರೂಪಾಯಿ ಕೊಡೋಣ ಎಂದು ನಾನು ಕೈ ಎತ್ತಲಿಲ್ಲ. ಇಎಂಐ, ಮಗಳ ಶಾಲೆ ಎಂದೆಲ್ಲ ನನಗೂ ನನ್ನ ಲೆಕ್ಕ ಇದೆ. ವಿಷಯ ಮುಂದಿನ ಸಭೆಗೆ ಹೋಯಿತು. ಮನೆಗೆ ಬಂದು ಹೇಳಿದರೆ ಅಪ್ಪ ಏನೂ ಮಾತಾಡಲಿಲ್ಲ, ಟಿವಿಯ ಶಬ್ದ ಸ್ವಲ್ಪ ಜಾಸ್ತಿ ಮಾಡಿದರು.

ಮೊನ್ನೆ ರಾತ್ರಿ ಗೇಟಿನಲ್ಲಿ ಕಾವಲುಗಾರನೊಬ್ಬ ನಿಲ್ಲಿಸಿದ. ವಿಜಯಪುರ ಜಿಲ್ಲೆಯವನು, ನಾನು ಕನ್ನಡದವನೆಂದು ಗೊತ್ತಾದಂದಿನಿಂದ ನನ್ನೊಡನೆ ಕನ್ನಡದಲ್ಲೇ ಮಾತು. “ಸರ್, ಪಿಎಫ್ ಎಷ್ಟೈತಿ ನೋಡಿ ಹೇಳ್ತೀರೇನ್ರಿ? ಮಗಳ ಅಡ್ಮಿಶನ್ ಐತ್ರಿ” ಎಂದು ಮೊಬೈಲ್ ಕೊಟ್ಟ. ಅವನ ಕ್ಯಾಬಿನ್ನಿನ ಸ್ಟೂಲಿನ ಮೇಲೆ ಕೂತು ಪಾಸ್‌ವರ್ಡ್ ಹೊಸದು ಮಾಡಿ, ಒಟಿಪಿ ಹಾಕಿ ಪಾಸ್‌ಬುಕ್ ತೆಗೆದೆ. ಮೊದಲ ಎರಡು ವರ್ಷ ತಿಂಗಳು ತಿಂಗಳೂ ಜಮಾ ಆಗಿದೆ. ಆಮೇಲೆ ಒಂಬತ್ತು ತಿಂಗಳು ಖಾಲಿ. ಸಂಬಳದ ಚೀಟಿ ಇದೆಯೇ ಎಂದೆ. ಪರ್ಸಿನಿಂದ ನಾಲ್ಕು ಮಡಿಕೆ ಮಾಡಿದ ಕಾಗದ ತೆಗೆದ. ಪಿಎಫ್ ಕಡಿತ ಎಂದು ಅಲ್ಲಿ ಬರೆದಿತ್ತು.

ದೂರು ಕೊಡಲು ಆನ್‌ಲೈನ್ ಪೋರ್ಟಲ್ ಇದೆ, ಈಗಲೇ ಬರೆಯೋಣ ಎಂದೆ. ಅವನು ಗೇಟಿನ ಕಡೆ ನೋಡಿದ. ಕಾರೊಂದು ಹಾರ್ನ್ ಹಾಕುತ್ತಿತ್ತು. ಎದ್ದು ಹೋಗಿ ಗೇಟು ತೆರೆದು, ಸಲಾಮು ಹೊಡೆದು, ಮುಚ್ಚಿ ಬಂದ. “ಈಗ ಬ್ಯಾಡ್ರಿ ಸರ್. ನನ್ನ ಹೆಸರ್ಲೆ ಹೋದ್ರ ನಾಳಿಂದ ಬರಬ್ಯಾಡ ಅಂತಾರ” ಎಂದ. ಸ್ವಲ್ಪ ಹೊತ್ತು ಬಿಟ್ಟು, “ಸೊಸೈಟಿ ಹೆಸರ್ಲೆ ಹೋದ್ರ?” ಎಂದು ಕೇಳಿದ.

ಮುಂದಿನ ಸಭೆ ಈ ತಿಂಗಳ ಕೊನೆಯ ಭಾನುವಾರ. ದೂರಿನ ಕರಡು ನನ್ನ ಲ್ಯಾಪ್‌ಟಾಪಿನಲ್ಲಿದೆ, ಅಪ್ಪನಿಗೂ ಓದಿ ಹೇಳಿದ್ದೇನೆ. ಇಬ್ಬರ ಸಹಿ ಆಗಿದೆ, ಅವರದ್ದು ಮತ್ತು ನನ್ನದು. ನಮ್ಮ ಕಟ್ಟಡದಲ್ಲಿ ತೊಂಬತ್ತಾರು ಮನೆಗಳಿವೆ.